ಹೊಸ ಚಿತ್ರಗಳ ಬಗ್ಗೆ ಅಭಿಪ್ರಾಯ ಬರೆಯುವ ಬಗೆ

ದೆವ್ವದ ಚಿತ್ರವನ್ನು ಅಳೆಯುವಾಗ ಎಷ್ಟು ಸಲ ಬೆಚ್ಚಿಬಿದ್ದಿರಿ ಎಂದು ಎಣಿಸಬೇಡಿ; ಸದ್ದು ನಿಂತ ಮೇಲೂ ಭಯ ಉಳಿಯಿತೇ ಎಂಬುದನ್ನು ಗಮನಿಸಿ. ಮೈಸೂರಿನಲ್ಲಿ ರಾತ್ರಿ ಆಟ ಮುಗಿಸಿ ಚಾಮುಂಡಿಪುರಂ ಕಡೆ ಹೊರಟವನು ಸ್ಕೂಟರಿನ ಕನ್ನಡಿಯನ್ನು ಎರಡೆರಡು ಸಲ ನೋಡಿಕೊಂಡರೆ ಚಿತ್ರ ಗೆದ್ದಿತೆಂದೇ ನಾನು ಬರೆಯುತ್ತೇನೆ. 2025ರ ಜುಲೈನಲ್ಲಿ ಬಂದ ‘ಸು ಫ್ರಮ್ ಸೋ’ದಂತಹ ದೆವ್ವದ ಹಾಸ್ಯಚಿತ್ರದಲ್ಲಾದರೆ, ನಗು ಊರಿನವರ ನಡವಳಿಕೆಯಿಂದಲೇ ಹುಟ್ಟಿದೆಯೇ ಎಂದೂ ನೋಡಬೇಕು.

ಸೂಪರ್‌ಹೀರೋ ಚಿತ್ರಕ್ಕೆ ಗ್ರಾಫಿಕ್ಸ್ ಕುರಿತು ಒಂದು ವಾಕ್ಯ ಸಾಕು. ಅದೇ ವರ್ಷ ಓಣಂ ಹೊತ್ತಿಗೆ ತೆರೆಕಂಡ ಮಲಯಾಳದ ‘ಲೋಕಃ’, ರಕ್ತ ಹೀರುವ ಹೆಣ್ಣುದೆವ್ವವಾದ ಕೇರಳದ ಯಕ್ಷಿಯ ಐತಿಹ್ಯವನ್ನು ಇಂದಿನ ಬೆಂಗಳೂರಿಗೆ ತಂದಿತು. ಅಂಥ ಬೇರನ್ನು ಹುಡುಕಿ.

ದಸರೆಗೆ ಬರುವ ಚಿತ್ರಗಳ ವಿಚಾರದಲ್ಲಿ ಮೊದಲ ದಿನದ ಶಿಳ್ಳೆಯನ್ನು ನಂಬದೆ, ಜಂಬೂಸವಾರಿಯ ಜನಸಂದಣಿ ಕರಗಿದ ಮೇಲೆ ಮಂಗಳವಾರದ ಮ್ಯಾಟಿನಿಗೆ ಮತ್ತೊಮ್ಮೆ ಹೋಗಿ ಬಂದು ಬರೆಯಿರಿ.