ಮಿಶ್ರ ಸಮರ ಕಲೆಯ ಜನಪ್ರಿಯತೆಯನ್ನು ಇತರ ಕ್ರೀಡೆಗಳೊಂದಿಗೆ ಹೋಲಿಸುವುದು ಹೇಗೆ?

ಗುದ್ದು, ಒದೆತ, ಕುಸ್ತಿಯ ಪಟ್ಟು ಎಲ್ಲಕ್ಕೂ ಅವಕಾಶವಿರುವ ಮಿಶ್ರ ಸಮರ ಕಲೆ, ಅಂದರೆ ಎಂಎಂಎ, ಬಾಕ್ಸಿಂಗನ್ನು ಹಿಂದಿಕ್ಕಿದೆಯೇ, ದೊಡ್ಡ ಲೀಗ್ ಕ್ರೀಡೆಗಳ ಸಾಲಿನಲ್ಲಿ ಅದಕ್ಕೆ ಸ್ಥಾನವಿದೆಯೇ ಎಂಬ ಚರ್ಚೆ ಎದ್ದಾಗಲೆಲ್ಲ ಎರಡೂ ಕಡೆಯವರ ಬಳಿ ಅಂಕಿ ಅಂಶಗಳಿರುತ್ತವೆ, ಮತ್ತು ಅವುಗಳಲ್ಲಿ ಹೆಚ್ಚಿನವು ಸುಳ್ಳೂ ಆಗಿರುವುದಿಲ್ಲ. ತೊಡಕಿರುವುದು ಅವನ್ನು ಎದುರುಬದುರು ನಿಲ್ಲಿಸುವ ರೀತಿಯಲ್ಲಿ. ಒಬ್ಬರು ಒಂದು ರಾತ್ರಿಯ ಲೆಕ್ಕ ಹಿಡಿದು ಮಾತನಾಡಿದರೆ ಇನ್ನೊಬ್ಬರು ಇಡೀ ಋತುವಿನ ಲೆಕ್ಕ ಮುಂದಿಡುತ್ತಾರೆ. ಎಂಎಂಎ ತಂಡಗಳ ಕ್ರೀಡೆಯಲ್ಲ, ಅದಕ್ಕೆ ಅಂಕಪಟ್ಟಿಯಿಲ್ಲ, ವಾರದಲ್ಲಿ ನಾಲ್ಕಾರು ಪಂದ್ಯಗಳಿಲ್ಲ. ಅದು ಬಿಡಿಬಿಡಿ ರಾತ್ರಿಗಳ ಮೇಲೆ, ಕೆಲವೇ ತಾರೆಗಳ ಮೇಲೆ ನಿಂತಿರುವ ಕ್ರೀಡೆ. ಹೋಲಿಕೆಯ ಪ್ರತಿಯೊಂದು ಹಂತದಲ್ಲೂ ಈ ಸಂಗತಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಮೊದಲು ಪ್ರಶ್ನೆಯನ್ನು ಖಚಿತಪಡಿಸಿಕೊಳ್ಳಿ. ಎಷ್ಟು ಜನ ನೋಡುತ್ತಾರೆ, ನೋಡಲು ಎಷ್ಟು ಹಣ ಕೊಡುತ್ತಾರೆ, ಯಾವುದನ್ನು ತಮ್ಮ ಮೆಚ್ಚಿನ ಕ್ರೀಡೆ ಎನ್ನುತ್ತಾರೆ ಎಂಬ ಮೂರು ಪ್ರಶ್ನೆಗಳಿಗೆ ಮೂರು ಬೇರೆ ಉತ್ತರಗಳು ಬರುತ್ತವೆ. ಗ್ಯಾಲಪ್ ಸಂಸ್ಥೆಯು 2023ರ ಡಿಸೆಂಬರ್‌ನಲ್ಲಿ ಅಮೆರಿಕದ ಜನರಿಗೆ ನೋಡಲು ಅತ್ಯಂತ ಇಷ್ಟವಾದ ಒಂದು ಕ್ರೀಡೆಯನ್ನು ಹೆಸರಿಸಲು ಕೇಳಿದಾಗ ಶೇ 41ರಷ್ಟು ಮಂದಿ ಅಮೆರಿಕನ್ ಫುಟ್‌ಬಾಲ್ ಎಂದರು, ಶೇ 10ರಷ್ಟು ಮಂದಿ ಬೇಸ್‌ಬಾಲ್ ಎಂದರು, ಶೇ 9ರಷ್ಟು ಮಂದಿ ಬ್ಯಾಸ್ಕೆಟ್‌ಬಾಲ್ ಎಂದರು. ಒಂದೇ ಹೆಸರು ಕೇಳುವ ಇಂತಹ ಸಮೀಕ್ಷೆಯಲ್ಲಿ, ಹಲವರಿಗೆ ಎರಡನೆಯ ಅಥವಾ ಮೂರನೆಯ ಆಯ್ಕೆಯಾಗಿರುವ ಕ್ರೀಡೆ ಕಣ್ಣಿಗೇ ಬೀಳುವುದಿಲ್ಲ. ಎಂಎಂಎ ನೋಡುವವರು ಬೇರೆ ಕ್ರೀಡೆಗಳನ್ನೂ ನೋಡುವವರೇ ಆದ್ದರಿಂದ, ‘ಇದನ್ನು ನೀವು ನೋಡುತ್ತೀರಾ’ ಎಂದು ಪ್ರತಿ ಕ್ರೀಡೆಗೂ ಪ್ರತ್ಯೇಕವಾಗಿ ಕೇಳಿದ ಸಮೀಕ್ಷೆ ಸಿಕ್ಕರೆ ಅದನ್ನೇ ಆರಿಸಿಕೊಳ್ಳಬೇಕು.

ವೀಕ್ಷಕರ ಸಂಖ್ಯೆಯನ್ನು ಬಳಸುವಾಗ ಅದು ಸರಾಸರಿಯೋ, ಗರಿಷ್ಠವೋ ಅಥವಾ ಸ್ವಲ್ಪ ಹೊತ್ತಾದರೂ ನೋಡಿದವರೆಲ್ಲರ ಮೊತ್ತವೋ ಎಂದು ನೋಡಲೇಬೇಕು. 2018ರ ಫಿಫಾ ವಿಶ್ವಕಪ್ ಫೈನಲ್ ಅನ್ನು 110 ಕೋಟಿಗೂ ಹೆಚ್ಚು ಜನ ನೋಡಿದರೆಂದು ಫಿಫಾ ಪ್ರಕಟಿಸಿತು. ಅದೇ ಪ್ರಕಟಣೆಯಲ್ಲಿ ಆ ಪಂದ್ಯದ ಸರಾಸರಿ ನೇರ ವೀಕ್ಷಕರ ಸಂಖ್ಯೆ 51.7 ಕೋಟಿ ಎಂದಿತ್ತು. ಎರಡೂ ಸರಿಯೇ, ಆದರೆ ಒಂದು ಇನ್ನೊಂದರ ಅರ್ಧಕ್ಕಿಂತ ಕಡಿಮೆ. ಎಂಎಂಎಯಲ್ಲಿಯೂ ಹೀಗೆಯೇ. ಎಂಎಂಎ ಪಂದ್ಯಗಳನ್ನು ನಡೆಸುವ ಅಮೆರಿಕದ ಪ್ರಮುಖ ಸಂಸ್ಥೆಯಾದ ಯುಎಫ್‌ಸಿ 2011ರ ನವೆಂಬರ್ 12ರಂದು ಮೊದಲ ಬಾರಿ ಫಾಕ್ಸ್ ವಾಹಿನಿಯಲ್ಲಿ ಬಂದಾಗ ಸರಾಸರಿ 57 ಲಕ್ಷ ಮಂದಿ ನೋಡಿದರು, ಗರಿಷ್ಠ ಸಂಖ್ಯೆ 88 ಲಕ್ಷ ಮುಟ್ಟಿತು. ಅಂದು ಜೂನಿಯರ್ ಡಾಸ್ ಸ್ಯಾಂಟೋಸ್ ಅವರು ಕೇನ್ ವೆಲಾಸ್ಕೆಜ್ ಅವರನ್ನು ಕೇವಲ 64 ಸೆಕೆಂಡುಗಳಲ್ಲಿ ಮಣಿಸಿದರು. ಹೋರಾಟಕ್ಕಾಗಿ ಟಿವಿ ಹಾಕಿದವರು ಎಷ್ಟು ಹೊತ್ತು ಉಳಿಯುತ್ತಾರೆ ಎಂಬುದು ಹೀಗೆ ಒಂದು ಹೊಡೆತದ ಮೇಲೆ ನಿಂತಿರುತ್ತದೆ. ತೊಂಬತ್ತು ನಿಮಿಷ ಖಂಡಿತ ನಡೆಯುವ ಫುಟ್‌ಬಾಲ್ ಪಂದ್ಯಕ್ಕೆ ಈ ಅನಿಶ್ಚಿತತೆ ಇಲ್ಲ. ಆದ್ದರಿಂದ ಎಂಎಂಎಯ ಗರಿಷ್ಠ ಸಂಖ್ಯೆಯನ್ನು ಮತ್ತೊಂದು ಕ್ರೀಡೆಯ ಸರಾಸರಿಯ ಪಕ್ಕದಲ್ಲಿ ಇಡುವುದು ಎಷ್ಟು ಮಾತ್ರಕ್ಕೂ ಸಲ್ಲದು.

ಒಂದು ರಾತ್ರಿಯ ಪಂದ್ಯಗಳನ್ನು ನೋಡಲು ಪ್ರತ್ಯೇಕವಾಗಿ ಹಣ ಕೊಡುವ ಪೇ-ಪರ್-ವ್ಯೂ ಲೆಕ್ಕಕ್ಕೆ ಬಂದರೆ, ಅಲ್ಲಿ ಎಣಿಸುವುದು ಜನರನ್ನಲ್ಲ, ಖರೀದಿಗಳನ್ನು. ಒಂದು ಖರೀದಿಯ ಹಿಂದೆ ಒಂದು ಮನೆ ತುಂಬ ಜನ ಇರಬಹುದು. ಹಾಗಾಗಿ ಈ ಸಂಖ್ಯೆಯನ್ನು ಟಿವಿ ವೀಕ್ಷಕರ ಸಂಖ್ಯೆಯೊಂದಿಗೆ ಹೋಲಿಸುವಂತಿಲ್ಲ, ಇದೇ ಮಾದರಿಯಲ್ಲಿ ಮಾರಾಟವಾಗುವ ಬಾಕ್ಸಿಂಗ್‌ನೊಂದಿಗೆ ಮಾತ್ರ ಹೋಲಿಸಬಹುದು. 2018ರ ಅಕ್ಟೋಬರ್‌ನಲ್ಲಿ ಖಬೀಬ್ ನುರ್ಮಗೊಮೆದೊವ್ ಮತ್ತು ಕಾನರ್ ಮೆಕ್‌ಗ್ರೆಗರ್ ಸೆಣಸಿದ ಯುಎಫ್‌ಸಿ 229 ಎಂಬ ಕೂಟ ಸುಮಾರು 24 ಲಕ್ಷ ಖರೀದಿಗಳನ್ನು ಕಂಡು ಸಂಸ್ಥೆಯ ದಾಖಲೆಯಾಯಿತು. 2015ರಲ್ಲಿ ಫ್ಲಾಯ್ಡ್ ಮೇವೆದರ್ ಮತ್ತು ಮ್ಯಾನಿ ಪಕಿಯಾವೊ ನಡುವಿನ ಬಾಕ್ಸಿಂಗ್ ಪಂದ್ಯ ಸುಮಾರು 46 ಲಕ್ಷ ಖರೀದಿಗಳನ್ನು ಕಂಡಿತ್ತು. ಅಂದರೆ ಒಂದೇ ರಾತ್ರಿಯ ಶಿಖರವನ್ನು ಅಳೆದರೆ ಬಾಕ್ಸಿಂಗ್ ಬಹಳ ಮುಂದಿದೆ. ಆದರೆ ಅಂತಹ ರಾತ್ರಿಗಳು ಬಾಕ್ಸಿಂಗ್‌ಗೆ ವರ್ಷಗಟ್ಟಲೆ ಬಾರದೆ ಹೋಗುತ್ತವೆ. ಚಾಂಪಿಯನ್ ಪಟ್ಟಗಳನ್ನು ಕೊಡುವ ನಾಲ್ಕು ಪ್ರಮುಖ ಮಾನ್ಯತಾ ಸಂಸ್ಥೆಗಳು ಮತ್ತು ಹಲವು ಆಯೋಜಕರ ನಡುವೆ ಹಂಚಿಹೋಗಿರುವ ಆ ಕ್ರೀಡೆಯ ವಾರ್ಷಿಕ ಮೊತ್ತವನ್ನು ಕೂಡಿಸುವುದೇ ಕಷ್ಟ. ನನ್ನ ಅಭಿಪ್ರಾಯದಲ್ಲಿ ಎಂಎಂಎಯ ನಿಜವಾದ ಬಲವಿರುವುದು ಶಿಖರಗಳಲ್ಲಲ್ಲ, ವಾರದಿಂದ ವಾರಕ್ಕೆ ತಪ್ಪದೆ ಬರುವ ಅದರ ವೇಳಾಪಟ್ಟಿಯಲ್ಲಿ. ಹೋಲಿಸುವವರು ಒಂದು ಪಂದ್ಯವನ್ನಲ್ಲ, ಪೂರ್ತಿ ಒಂದು ವರ್ಷವನ್ನು ತೆಗೆದುಕೊಳ್ಳಬೇಕು. 2017ರ ಮೇವೆದರ್ ಮತ್ತು ಮೆಕ್‌ಗ್ರೆಗರ್ ಪಂದ್ಯವನ್ನು ಎಂಎಂಎಯ ಖಾತೆಗೆ ಹಾಕುವವರಿದ್ದಾರೆ. ಅದು ಬಾಕ್ಸಿಂಗ್ ನಿಯಮಗಳಡಿ ನಡೆದ ಪಂದ್ಯವಾದ್ದರಿಂದ ಅದನ್ನು ಎರಡೂ ಲೆಕ್ಕಗಳಿಂದ ಹೊರಗಿಡುವುದೇ ಲೇಸು.

ಹಣದ ಹೋಲಿಕೆಯಲ್ಲಿ ಮೊತ್ತವನ್ನು ಯಾವುದರಿಂದ ಭಾಗಿಸುತ್ತೇವೆ ಎಂಬುದು ಫಲಿತಾಂಶವನ್ನೇ ಬದಲಿಸುತ್ತದೆ. 2025ರ ಆಗಸ್ಟ್‌ನಲ್ಲಿ ಪ್ಯಾರಾಮೌಂಟ್ ಸಂಸ್ಥೆಯು ಅಮೆರಿಕದಲ್ಲಿ ಯುಎಫ್‌ಸಿ ಪ್ರಸಾರ ಮಾಡುವ ಹಕ್ಕನ್ನು ಏಳು ವರ್ಷಗಳಿಗೆ 770 ಕೋಟಿ ಡಾಲರ್ ಕೊಟ್ಟು ಪಡೆಯಿತು, ಅಂದರೆ ವರ್ಷಕ್ಕೆ 110 ಕೋಟಿ. ಅಮೆರಿಕನ್ ಫುಟ್‌ಬಾಲ್‌ನ ಲೀಗ್ ಆದ ಎನ್‌ಎಫ್‌ಎಲ್ 2021ರಲ್ಲಿ ಮಾಡಿಕೊಂಡ ಪ್ರಸಾರ ಒಪ್ಪಂದಗಳು 11 ವರ್ಷಗಳಿಗೆ ಸುಮಾರು 11,000 ಕೋಟಿ ಡಾಲರ್ ಮೌಲ್ಯದವು, ಅಂದರೆ ವರ್ಷಕ್ಕೆ ಸುಮಾರು 1,000 ಕೋಟಿ. ವಾರ್ಷಿಕ ಮೊತ್ತದಲ್ಲಿ ಯುಎಫ್‌ಸಿ ಒಂಬತ್ತನೆಯ ಒಂದು ಭಾಗದಷ್ಟಿದೆ. ಆದರೆ ಯುಎಫ್‌ಸಿ ಒಪ್ಪಂದದಲ್ಲಿರುವುದು ವರ್ಷಕ್ಕೆ 43 ರಾತ್ರಿಗಳು, ಎನ್‌ಎಫ್‌ಎಲ್‌ನಲ್ಲಿ ಲೀಗ್ ಹಂತದ ಪಂದ್ಯಗಳೇ 272. ರಾತ್ರಿಯೊಂದಕ್ಕೆ ಯುಎಫ್‌ಸಿಗೆ ಎರಡೂವರೆ ಕೋಟಿ ಡಾಲರ್‌ಗಿಂತ ಸ್ವಲ್ಪ ಹೆಚ್ಚು ಬಂದರೆ, ಪಂದ್ಯವೊಂದಕ್ಕೆ ಎನ್‌ಎಫ್‌ಎಲ್‌ಗೆ ಮೂರೂವರೆ ಕೋಟಿ ಡಾಲರ್‌ಗಿಂತ ಸ್ವಲ್ಪ ಹೆಚ್ಚು ಬರುತ್ತದೆ. ಅಂತರ ಇದ್ದಕ್ಕಿದ್ದಂತೆ ಕುಗ್ಗಿದಂತೆ ಕಾಣುತ್ತದೆ. ಆದರೂ ಯುಎಫ್‌ಸಿಯ ಒಂದು ರಾತ್ರಿ ಎಂದರೆ ಹನ್ನೆರಡರಷ್ಟು ಕಾದಾಟಗಳಿರುವ ಹಲವು ಗಂಟೆಗಳ ಪ್ರಸಾರ, ಮತ್ತು ಎರಡು ಒಪ್ಪಂದಗಳ ನಡುವೆ ನಾಲ್ಕು ವರ್ಷಗಳ ಬೆಲೆಯೇರಿಕೆಯಿದೆ. ಎರಡೂ ಭಾಗಲಬ್ಧಗಳನ್ನು ಒಟ್ಟಿಗೆ ಕೊಟ್ಟರೆ ಮಾತ್ರ ಓದುಗರಿಗೆ ನ್ಯಾಯ ಸಲ್ಲುತ್ತದೆ.

ಕ್ರೀಡಾಂಗಣಕ್ಕೆ ಬಂದವರ ಲೆಕ್ಕ ಸುಲಭವಾಗಿ ಸಿಗುತ್ತದೆ, ಅದಕ್ಕೇ ಅದು ದಾರಿ ತಪ್ಪಿಸುತ್ತದೆ. 2015ರಲ್ಲಿ ಹಾಲಿ ಹೋಮ್ ಅವರು ರೊಂಡಾ ರೌಸಿ ಅವರನ್ನು ಸೋಲಿಸಿದ ಯುಎಫ್‌ಸಿಯ ಮೆಲ್ಬರ್ನ್ ಪಂದ್ಯಕ್ಕೆ 56,214 ಜನ ಸೇರಿದ್ದರು. 2017ರಲ್ಲಿ ವಾರ್ಸಾದ ರಾಷ್ಟ್ರೀಯ ಕ್ರೀಡಾಂಗಣದಲ್ಲಿ ಪೋಲೆಂಡಿನ ಕೆಎಸ್‌ಡಬ್ಲ್ಯು ಸಂಸ್ಥೆ ನಡೆಸಿದ ಕೂಟಕ್ಕೆ 57,776 ಜನ ಬಂದಿದ್ದರು. ಇವು ಅಪರೂಪದ ಸಂದರ್ಭಗಳು. ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್ ಒಂದು ಋತುವಿನಲ್ಲಿ 2,430 ಪಂದ್ಯಗಳನ್ನು ಆಡಿಸಿ, 2024ರಲ್ಲಿ 7 ಕೋಟಿಗೂ ಹೆಚ್ಚು ಟಿಕೆಟ್‌ಗಳನ್ನು ಮಾರಿತು. ಯುಎಫ್‌ಸಿಯ 43 ರಾತ್ರಿಗಳೂ 20 ಸಾವಿರ ಆಸನಗಳ ಒಳಾಂಗಣಗಳಲ್ಲಿ ಭರ್ತಿಯಾದವೆಂದು ಇಟ್ಟುಕೊಂಡರೂ ಮೊತ್ತ 9 ಲಕ್ಷ ದಾಟುವುದಿಲ್ಲ.

ಕಾಲವನ್ನೂ ದೇಶವನ್ನೂ ನಮೂದಿಸದ ಹೋಲಿಕೆಯನ್ನು ನಂಬಬೇಡಿ. ಮೊದಲ ಯುಎಫ್‌ಸಿ ನಡೆದದ್ದು 1993ರ ನವೆಂಬರ್‌ನಲ್ಲಿ, ಡೆನ್ವರ್‌ನಲ್ಲಿ. ನ್ಯೂಯಾರ್ಕ್ ರಾಜ್ಯ ಈ ಕ್ರೀಡೆಯ ವೃತ್ತಿಪರ ಪಂದ್ಯಗಳಿಗೆ ಅನುಮತಿ ಕೊಟ್ಟದ್ದು 2016ರಲ್ಲಿ, ಫ್ರಾನ್ಸ್ ಕೊಟ್ಟದ್ದು 2020ರಲ್ಲಿ. ಶತಮಾನ ದಾಟಿದ ಲೀಗ್‌ಗಳ ಪಕ್ಕದಲ್ಲಿ, ಕಾನೂನಿನ ಬಾಗಿಲು ಇತ್ತೀಚೆಗೆ ತೆರೆದ ಕ್ರೀಡೆಯನ್ನು ಇಡುವಾಗ ಇಂದಿನ ಎತ್ತರದ ಜೊತೆಗೆ ಏರಿದ ವೇಗವನ್ನೂ ಹೇಳಬೇಕು. 2001ರಲ್ಲಿ 20 ಲಕ್ಷ ಡಾಲರ್‌ಗೆ ಕೈಬದಲಾದ ಯುಎಫ್‌ಸಿ 2016ರಲ್ಲಿ ಸುಮಾರು 400 ಕೋಟಿ ಡಾಲರ್‌ಗೆ ಮಾರಾಟವಾಯಿತು.

ಅಂತರ್ಜಾಲದ ಹುಡುಕಾಟವನ್ನು ಅಳೆಯಲು ಗೂಗಲ್ ಟ್ರೆಂಡ್ಸ್ ಬಳಸುವುದಾದರೆ, ಅದು ಕೊಡುವುದು ಹುಡುಕಾಟಗಳ ಎಣಿಕೆಯನ್ನಲ್ಲ, ಆಯ್ದ ಅವಧಿಯ ಅತಿ ಹೆಚ್ಚಿನ ಬಿಂದುವನ್ನು 100 ಎಂದು ಇಟ್ಟುಕೊಂಡ ಸಾಪೇಕ್ಷ ಸೂಚ್ಯಂಕವನ್ನು ಎಂಬುದು ತಿಳಿದಿರಲಿ. ಒಂದು ದೊಡ್ಡ ಪಂದ್ಯದ ರಾತ್ರಿ ಉಳಿದ ತಿಂಗಳುಗಳನ್ನೆಲ್ಲ ಚಪ್ಪಟೆಯಾಗಿ ತೋರಿಸುತ್ತದೆ. ಹೀಗಾಗಿ ಐದು ವರ್ಷಗಳ ಅವಧಿಯನ್ನು ಆರಿಸಿ ಸರಾಸರಿ ನೋಡುವುದು ಒಳ್ಳೆಯದು. ಕ್ರೀಡೆಯ ಹೆಸರಿಗೂ ಸಂಸ್ಥೆಯ ಹೆಸರಿಗೂ ಬೇರೆ ಬೇರೆ ರೇಖೆಗಳು ಬರುವುದರಿಂದ, ಎದುರಿನ ಕ್ರೀಡೆಗೆ ಲೀಗ್‌ನ ಹೆಸರು ಹಾಕಿದ್ದರೆ ಇಲ್ಲಿಯೂ ಯುಎಫ್‌ಸಿ ಎಂದೇ ಹಾಕಿ.

ಇನ್ನೊಂದು ಎಚ್ಚರಿಕೆ ಮುಂದಿನ ವರ್ಷಗಳಿಗೆ ಸಂಬಂಧಿಸಿದ್ದು. ಪ್ಯಾರಾಮೌಂಟ್ ಒಪ್ಪಂದದ ಪ್ರಕಾರ 2026ರಿಂದ ಅಮೆರಿಕದ ಚಂದಾದಾರರು ಯುಎಫ್‌ಸಿಯ ದೊಡ್ಡ ರಾತ್ರಿಗಳಿಗೆ ಪ್ರತ್ಯೇಕವಾಗಿ ಹಣ ಕೊಡಬೇಕಿಲ್ಲ. ಹಳೆಯ ಪೇ-ಪರ್-ವ್ಯೂ ಖರೀದಿಗಳ ಸಾಲು ಅಲ್ಲಿಗೆ ನಿಲ್ಲುತ್ತದೆ, ಆ ನಂತರ ಸಿಗುವುದು ವೀಕ್ಷಕರ ಸಂಖ್ಯೆ. ಎರಡನ್ನೂ ಒಂದೇ ರೇಖೆಯಾಗಿ ಎಳೆದರೆ ಜನಪ್ರಿಯತೆ ಒಂದೇ ವರ್ಷದಲ್ಲಿ ಮೇಲಕ್ಕೆ ಜಿಗಿದಂತೆ ಕಾಣುತ್ತದೆ. 2025ರ ಬಳಿ ರೇಖೆಯನ್ನು ಕಡಿದು, ಹೊಸ ಅಳತೆಗೆ ಹೊಸ ಕೋಷ್ಟಕವನ್ನೇ ಮಾಡಬೇಕು.