ಬುಧವಾರದ ಸಂಚಿಕೆ, ಭಾನುವಾರದ ವಾದ

ವಾರದ ಕಾಮಿಕ್ಸ್ ಓದಿ ‘ಚೆನ್ನಾಗಿದೆ, ಮುಂದಿನ ವಾರಕ್ಕೆ ಕಾಯುತ್ತಿದ್ದೇನೆ’ ಎಂದರೆ ನಮ್ಮ ಓದುಗರ ಕೂಟದ ನೋಟ್‌ಬುಕ್ಕಿನಲ್ಲಿ ಅದನ್ನು ಬರೆದುಕೊಳ್ಳುವುದಿಲ್ಲ. ‘ಈ ಸಲ ಸಪ್ಪೆ’ ಎಂದರೂ ಅಷ್ಟೇ. ಯಾವ ಪುಟ, ಯಾವ ಚೌಕಟ್ಟಿನ ಚಿತ್ರ, ಅಲ್ಲಿ ಏನಾಯಿತು ಎಂದು ಹೇಳಿದ ಮೇಲೆಯೇ ಪೆನ್ನಿನ ಮುಚ್ಚಳ ತೆಗೆಯುವುದು. ಈ ಹಟ ನನ್ನದು. ನಾನು ವೃತ್ತಿಯಲ್ಲಿ ಡ್ರಾಯಿಂಗ್ ಮೇಷ್ಟ್ರು. ಕಾಮಿಕ್ಸ್ ಕೈಯಲ್ಲಿ ಹಿಡಿದು ಬರೀ ಅಕ್ಷರ ಓದಿ ಪುಟ ಮಗುಚುವವರನ್ನು ಕಂಡರೆ ನನಗೆ ಸುಮ್ಮನಿರಲು ಆಗುವುದಿಲ್ಲ.

ನಾವು ಸೇರುವುದು ಹಾಸನದ ಕೆ.ಆರ್. ಪುರಂನಲ್ಲಿ, ಒಂದು ಸ್ಟೇಷನರಿ ಅಂಗಡಿಯ ಮೇಲಿನ ಕೋಣೆಯಲ್ಲಿ, ಭಾನುವಾರ ಬೆಳಿಗ್ಗೆ. ಎಂಜಿನಿಯರಿಂಗ್ ಓದುತ್ತಿರುವ ಒಬ್ಬ ಹುಡುಗ, ಬ್ಯಾಂಕಿನಲ್ಲಿ ಕೆಲಸ ಮಾಡುವ ಒಬ್ಬ ಅಕ್ಕ, ಸಕಲೇಶಪುರದ ಕಡೆಯ ಒಬ್ಬ ಕಾಫಿ ವ್ಯಾಪಾರಿ, ಉಪಗ್ರಹಗಳ ಕೆಲಸ ಮಾಡಿ ನಿವೃತ್ತರಾದ ಒಬ್ಬ ಹಿರಿಯರು, ಜೊತೆಗೆ ಅಂಗಡಿಯವರ ಮಗಳು, ಅವಳಿನ್ನೂ ಹೈಸ್ಕೂಲು. ಓದುವುದು ಇಂಗ್ಲೆಂಡಿನ ವೈಜ್ಞಾನಿಕ ಕಾಮಿಕ್ಸ್ ವಾರಪತ್ರಿಕೆ ‘2000 ಎಡಿ’.

ಪತ್ರಿಕೆಯ ಬಗ್ಗೆ ಎರಡು ಮಾತು. ಮೊದಲ ಸಂಚಿಕೆಯ ಮೇಲಿನ ತಾರೀಖು 26 ಫೆಬ್ರುವರಿ 1977. ಸಂಚಿಕೆಗೆ ಅವರು ‘ಪ್ರಾಗ್’ ಎನ್ನುತ್ತಾರೆ. ಮೂವತ್ತೆರಡು ಪುಟ, ಸಾಮಾನ್ಯವಾಗಿ ಐದು ಕಥೆ, ಬಹುಪಾಲು ಧಾರಾವಾಹಿ. ಸಂಪಾದಕ ಥಾರ್ಗ್ ಎಂಬ ಹಸಿರು ಮುಖದ ಅನ್ಯಗ್ರಹವಾಸಿ. ಊರು ಬೀಟಲ್‌ಜ್ಯೂಸ್, ಅಂದರೆ ನಮ್ಮ ಆರಿದ್ರಾ ನಕ್ಷತ್ರದ ಕಡೆ. ಇದನ್ನು ಕೇಳಿದ ದಿನವೇ ಕಾಫಿ ವ್ಯಾಪಾರಿ, ‘ಆದರೆ ಆರಿದ್ರಾ, ಇಲ್ಲದಿದ್ದರೆ ದರಿದ್ರಾ ಅಂತಾರಲ್ಲ ಮೇಷ್ಟ್ರೇ, ಮಳೆ ಕೈಕೊಟ್ಟರೆ ಇನ್ನು ಇವನಿಗೇ ಕಾಗದ ಬರೆಯಬಹುದು’ ಎಂದರು. ಓದುಗರ ಪತ್ರಗಳಿಗೆ ಉತ್ತರ ಕೊಡುವವನೂ ಈ ಥಾರ್ಗನೇ. ಸ್ವಲ್ಪ ಜಂಬದ ಆಸಾಮಿ.

ಅಲ್ಲಿ ಸಂಚಿಕೆ ಮಾರಾಟಕ್ಕೆ ಬರುವುದು ಬುಧವಾರ. ಅಚ್ಚಿನ ಪ್ರತಿ ಹಾಸನ ಮುಟ್ಟುವಷ್ಟರಲ್ಲಿ ಕಥೆ ಎಷ್ಟೋ ಕಂತು ಮುಂದೆ ಓಡಿರುತ್ತದೆ. ಹಾಗಾಗಿ ಡಿಜಿಟಲ್ ಪ್ರತಿಗೆ ಚಂದಾ ಕಟ್ಟಿದ್ದೇವೆ. ಬುಧವಾರದಿಂದ ಶನಿವಾರದವರೆಗೆ ಅವರವರ ಪಾಡಿಗೆ ಒಮ್ಮೆ ಓದಬೇಕು. ಫೋನಿನಲ್ಲಿ ಚರ್ಚೆ ನಿಷಿದ್ಧ. ಬಾಯಿ ಬಿಟ್ಟವರು ಭಾನುವಾರದ ಕಾಫಿ ತಿಂಡಿಯ ಬಿಲ್ಲು ಕೊಡಬೇಕು. ಈ ಒಂದು ಶಿಕ್ಷೆಯಿಂದಲೇ ಕೂಟ ನಡೆದಿದೆ ಎನ್ನಬಹುದು. ಮೊದಲು ಮಾತಾಡಿದವರ ಅಭಿಪ್ರಾಯ ಉಳಿದವರ ಮೇಲೆ ಹತ್ತಿ ಕೂರುವುದನ್ನು ನಾನು ಶಾಲೆಯ ಸ್ಟಾಫ್ ರೂಮಿನಲ್ಲಿ ಬೇಕಾದಷ್ಟು ನೋಡಿದ್ದೇನೆ.

ಭಾನುವಾರ ಎರಡನೇ ಓದು. ಗೋಡೆಯ ಮೇಲಿನ ದೊಡ್ಡ ಪರದೆಯಲ್ಲಿ ಒಂದೊಂದೇ ಪುಟ ಬರುತ್ತದೆ. ಕುರ್ಚಿಗಳನ್ನು ಮಾತ್ರ ಮಾತಿನ ಗುಳ್ಳೆಗಳ ಅಕ್ಷರ ಕಾಣದಷ್ಟು ಹಿಂದಕ್ಕೆ ಹಾಕಿರುತ್ತೇನೆ. ಕನ್ನಡಕದವರು ಕನ್ನಡಕ ತೆಗೆಯುವುದೂ ಉಂಟು. ಆ ದೂರದಿಂದ ಪುಟ ನೋಡಿ, ಇಲ್ಲಿ ಏನು ನಡೆಯುತ್ತಿದೆ ಎಂದು ಒಬ್ಬರು ಹೇಳಬೇಕು. ಯಾರು ಎಲ್ಲಿಂದ ಬಂದರು, ಯಾರ ಕಣ್ಣು ಯಾರ ಕಡೆ, ಬೆಳಕು ಎಲ್ಲಿಂದ ಬಿದ್ದಿದೆ. ಮಾತಿಲ್ಲದೆಯೂ ಕಥೆ ದಾಟಿ ಬಂದರೆ ಕಲಾವಿದ ಗೆದ್ದ. ಎಲ್ಲೋ ತಡವರಿಸಿದರೆ ಆ ಜಾಗವನ್ನು ಗುರುತು ಹಾಕಿಕೊಂಡು ಕುರ್ಚಿ ಮುಂದಕ್ಕೆ ಎಳೆದುಕೊಳ್ಳುತ್ತೇವೆ. ಸುಮಾರು ಸಲ ಪ್ರತಿಕ್ರಿಯೆ ಹುಟ್ಟುವುದು ಅಲ್ಲಿಯೇ.

ಒಂದು ಕಂತಿನಲ್ಲಿ ಹೀಗಾಯಿತು. ಕಾವಲುಗಾರನೊಬ್ಬ ಬಾಗಿಲ ಬಳಿ ನಿಂತಿದ್ದಾನೆ. ಮೂರನೇ ಚೌಕಟ್ಟಿನಲ್ಲಿ ಬಾಗಿಲು ಪುಟದ ಎಡಕ್ಕೆ, ನಾಲ್ಕನೆಯದರಲ್ಲಿ ಬಲಕ್ಕೆ. ಹಿಡಿದದ್ದು ಅಂಗಡಿಯವರ ಮಗಳು. ‘ತಪ್ಪು ಬರೆದಿದ್ದಾರೆ ಸಾರ್.’ ಎಂಜಿನಿಯರಿಂಗ್ ಹುಡುಗ ಎದ್ದು ಪರದೆಯ ಹತ್ತಿರ ಹೋದ. ಬಂದೂಕು ಹಿಡಿದ ಕೈಯನ್ನೂ ಭುಜದ ಬಿಲ್ಲೆಯನ್ನೂ ತೋರಿಸಿ, ಅವೂ ಪುಟದ ಆ ಕಡೆಯಿಂದ ಈ ಕಡೆಗೆ ಬಂದಿವೆ, ಈಗ ನಾವು ಕಾವಲುಗಾರನನ್ನು ಹಿಂದಿನಿಂದ ನೋಡುತ್ತಿದ್ದೇವೆ ಅಷ್ಟೇ ಎಂದ. ಲೆಕ್ಕ ಸರಿಯಾಗಿತ್ತು. ಆದರೆ ಹುಡುಗಿ ಬಗ್ಗಲಿಲ್ಲ: ‘ನಾವು ಅವನ ಹಿಂದಕ್ಕೆ ಹೋದದ್ದು ನನಗೆ ಕಾಣಲಿಲ್ಲವಲ್ಲ. ಓದುತ್ತಾ ಇದ್ದವಳು ಬಾಗಿಲು ಹುಡುಕಿದೆ.’ ನೋಟ್‌ಬುಕ್ಕಿಗೆ ಹೋದದ್ದು ಅವಳ ಮಾತು. ಓದುಗರ ಕಣ್ಣು ಎಲ್ಲಿ ಎಡವಿತು ಎನ್ನುವುದು ಪ್ರತಿಕ್ರಿಯೆ. ಏಕೆ ಎಡವಬಾರದಿತ್ತು ಎನ್ನುವುದು ವಕೀಲಿಕೆ.

ಕಣ್ಣು ಯಾವ ದಿಕ್ಕಿಗೆ ಓಡಬೇಕು ಎಂಬ ಪ್ರಶ್ನೆಗೆ ನಾವು ಇಂಗ್ಲೆಂಡಿನ ತನಕ ಹೋಗಬೇಕಾಗಿಯೂ ಇಲ್ಲ. ತರೀಕೆರೆ ತಾಲ್ಲೂಕಿನ ಅಮೃತಾಪುರಕ್ಕೆ ಎಲ್ಲರನ್ನೂ ಒಮ್ಮೆ ಕರೆದುಕೊಂಡು ಹೋಗಿದ್ದೆ. ಎರಡನೇ ವೀರಬಲ್ಲಾಳನ ಕಾಲದಲ್ಲಿ, 1196ರಲ್ಲಿ ಕಟ್ಟಿದ ಅಮೃತೇಶ್ವರ ದೇವಸ್ಥಾನದ ಮಂಟಪದ ಹೊರಗೋಡೆಯಲ್ಲಿ 140 ಫಲಕಗಳಿವೆ. ದಕ್ಷಿಣದ ಕಡೆ ಎಪ್ಪತ್ತರಲ್ಲಿ ರಾಮಾಯಣ. ಉತ್ತರದಲ್ಲಿ ಕೃಷ್ಣನ ಕಥೆ ಮತ್ತು ಮಹಾಭಾರತ. ಉತ್ತರದ ಕಥೆಗಳು ಹೊಯ್ಸಳರ ವಾಡಿಕೆಯಂತೆ ಪ್ರದಕ್ಷಿಣೆಯಾಗಿ ಸಾಗಿದರೆ ರಾಮಾಯಣ ಅಪ್ರದಕ್ಷಿಣೆಯಾಗಿ ಸಾಗುತ್ತದೆ. ಪ್ರದಕ್ಷಿಣೆ ಹಾಕುತ್ತಾ ಹೊರಟ ನಮ್ಮವರು ಅಲ್ಲಿ ಕಥೆಯ ಬಾಲ ಹಿಡಿದು ತಲೆಯ ಕಡೆಗೆ ನಡೆದರು. ಫಲಕಗಳು ಬೇರೆ ಹೊಯ್ಸಳ ಗುಡಿಗಳ ಪಟ್ಟಿಕೆಗಳಿಗಿಂತ ದೊಡ್ಡವು, ನಿಧಾನವಾಗಿ ನೋಡಲು ಅನುಕೂಲ. ಒಂದು ಫಲಕದಲ್ಲಿ ನಿಂತವನ ಮುಖ ಯಾವ ಕಡೆ ಇದೆಯೋ ಆ ಕಡೆಗೇ ಮುಂದಿನ ಘಟನೆ ಇದೆಯೇ ಎಂದು ಹುಡುಗಿ ಒಂದೊಂದನ್ನೇ ಪರೀಕ್ಷಿಸುತ್ತಾ ಬಂದಳು. ಅದಾದ ಮೇಲೆ ಅವಳ ಕಣ್ಣಿಗೆ ಸಿಕ್ಕದ ಬಾಗಿಲಿಲ್ಲ.

ಹೆಸರಿನ ವಿಷಯವನ್ನೂ ಕಲ್ಲಿನಿಂದಲೇ ಕಲಿಸಿದೆ. ಬೇಲೂರಿನ ಮದನಿಕೆಯರ ಪೀಠದಲ್ಲಿ ಬಳ್ಳಿಗಾವಿಯ ದಾಸೋಜ, ಅವನ ಮಗ ಚಾವಣ ತಮ್ಮ ಹೆಸರು ಕೆತ್ತಿಕೊಂಡಿದ್ದಾರೆ. ಹನ್ನೆರಡನೇ ಶತಮಾನದ ಮಾತು. 1970ರ ದಶಕದ ಬ್ರಿಟಿಷ್ ಕಾಮಿಕ್ಸ್‌ನಲ್ಲಿ ಬರೆದವರ ಹೆಸರು ಹಾಕುವ ಪದ್ಧತಿ ಇರಲಿಲ್ಲ. ‘2000 ಎಡಿ’ಯಲ್ಲಿ ಕಲಾವಿದ ಕೆವಿನ್ ಓನೀಲ್ 1977ರಲ್ಲಿ, ಮೇಲಿನವರ ಅಪ್ಪಣೆಗೆ ಕಾಯದೆ, ಕಥೆಯ ಪುಟದಲ್ಲೇ ಒಂದು ಪುಟ್ಟ ಚೌಕ ಬರೆದು ಹೆಸರುಗಳನ್ನು ಸೇರಿಸಿಬಿಟ್ಟರು. ಕಲಾವಿದರು, ಲೇಖಕರೆಲ್ಲ ಥಾರ್ಗನ ಕೈಕೆಳಗೆ ದುಡಿಯುವ ರೋಬೋಟ್‌ಗಳು ಎಂಬ ತಮಾಷೆಯ ಮರೆಯಲ್ಲಿ ಆ ಗಂಭೀರ ಕೆಲಸ ನಡೆದುಹೋಯಿತು. ನಮ್ಮಲ್ಲಿ ಹೆಸರು ಹೇಳದೆ ಹೊಗಳುವಂತಿಲ್ಲ, ತೆಗಳುವಂತಿಲ್ಲ. ಲೇಖಕ, ಕಲಾವಿದ, ಬಣ್ಣ ಹಾಕಿದವರು, ಅಕ್ಷರ ಬರೆದವರು, ನಾಲ್ವರೂ ಬರಬೇಕು. ಅಕ್ಷರ ಬರೆಯುವವರನ್ನು ಯಾರು ತಾನೇ ಗಮನಿಸುತ್ತಾರೆ? ಡ್ರೆಡ್ ಕಥೆಗಳಿಗೆ ಬಹುಕಾಲ ಟಾಮ್ ಫ್ರೇಮ್, ಅವರ ನಂತರ ಆನಿ ಪಾರ್ಕ್‌ಹೌಸ್ ಅಕ್ಷರ ಬರೆದಿದ್ದಾರೆ. ಗುಳ್ಳೆಯನ್ನು ಎಲ್ಲಿ ಇಡುತ್ತಾರೋ ಅಲ್ಲಿಗೆ ನಮ್ಮ ಕಣ್ಣು ಮೊದಲು ಹೋಗುತ್ತದೆ. ಹಾಗಾಗಿ ಪುಟದ ಅರ್ಧ ನಡಿಗೆ ಅವರ ಕೈಯಲ್ಲಿದೆ.

ಡ್ರೆಡ್ ಎಂದೆ. ಜಡ್ಜ್ ಡ್ರೆಡ್ ಎರಡನೇ ಸಂಚಿಕೆಯಲ್ಲಿ ಬಂದವನು, ಇನ್ನೂ ಹೋಗಿಲ್ಲ. ಲೇಖಕ ಜಾನ್ ವ್ಯಾಗ್ನರ್ ಮತ್ತು ಕಲಾವಿದ ಕಾರ್ಲೋಸ್ ಎಜ್‌ಕೆರಾ ಸೃಷ್ಟಿ. ಕಥೆ ನಡೆಯುವುದು ನಮಗಿಂತ 122 ವರ್ಷ ಮುಂದೆ. ಇಲ್ಲಿ ಒಂದು ವರ್ಷ ಕಳೆದರೆ ಅಲ್ಲಿಯೂ ಕಳೆಯುತ್ತದೆ, ಅವನಿಗೂ ವಯಸ್ಸಾಗುತ್ತದೆ. ಪೊಲೀಸ್, ನ್ಯಾಯಾಧೀಶ, ಶಿಕ್ಷೆ ಕೊಡುವವ, ಎಲ್ಲವೂ ಒಬ್ಬನೇ. ಬ್ಯಾಂಕಿನ ಅಕ್ಕ ಸೇರಿದ ಹೊಸತರಲ್ಲಿ ಅವರ ಪ್ರತಿಕ್ರಿಯೆ ವಾರವಾರವೂ ಒಂದೇ ಆಗಿತ್ತು: ‘ಇಂಥವನನ್ನು ನಾಯಕ ಅನ್ನುತ್ತೀರಲ್ಲ!’ ನಾನು ವಾದಕ್ಕೆ ಹೋಗದೆ 1982ರ ‘ಅಪಾಕಲಿಪ್ಸ್ ವಾರ್’ ಕಂತುಗಳನ್ನು ಓದಲು ಕೊಟ್ಟೆ. ತನ್ನ ನಗರದ ಮೇಲೆ ದಾಳಿ ಮಾಡಿದ ಶತ್ರುನಗರವನ್ನು, ಅದರ ಕೋಟಿಗಟ್ಟಲೆ ಜನರ ಸಮೇತ, ಡ್ರೆಡ್ ಒಂದು ಗುಂಡಿ ಒತ್ತಿ ಸುಟ್ಟುಹಾಕುತ್ತಾನೆ. ಮರುವಾರ ಅವರು ಬಂದು, ‘ಈಗ ಗೊತ್ತಾಯಿತು, ಇವರು ಅವನನ್ನು ಹೊಗಳುತ್ತಿಲ್ಲ. ಮೆಚ್ಚಿಕೊಂಡರೆ ನಾಚಿಕೆಯಾಗುವ ಹಾಗೆ ಬರೆದಿದ್ದಾರೆ’ ಎಂದರು. ನಾನು ಪೂರ್ತಿ ಒಪ್ಪುವುದಿಲ್ಲ. ಎಷ್ಟೋ ಕಂತುಗಳಲ್ಲಿ ಅವನನ್ನು ಸುಮ್ಮನೆ ಮೆಚ್ಚಿಸುವ ಚಪಲವೂ ಕಾಣುತ್ತದೆ. ಆದರೆ ಅಂದಿನಿಂದ ಅಕ್ಕನ ಪ್ರತಿಕ್ರಿಯೆಗಳು ವ್ಯಕ್ತಿಯನ್ನು ಬಿಟ್ಟು ಪುಟಕ್ಕೆ ಇಳಿದವು. ಈ ವಾರ ಲೇಖಕ ಅವನ ಪರ ನಿಂತನೋ ಪಕ್ಕಕ್ಕೆ ಸರಿದನೋ, ಯಾವ ಚೌಕಟ್ಟಿನಲ್ಲಿ ಎಂದು ಬೆರಳಿಟ್ಟು ತೋರಿಸುತ್ತಾರೆ.

ಎಂಜಿನಿಯರಿಂಗ್ ಹುಡುಗನದು ಬೇರೆಯೇ ತಕರಾರು. ಹನ್ನೆರಡು ಕಂತಿನ ಕಥೆಯ ನಾಲ್ಕನೇ ಕಂತಿಗೆ ಪ್ರತಿಕ್ರಿಯೆ ಎಂದರೆ ಏನರ್ಥ, ಮುಗಿದ ಮೇಲೆ ಒಟ್ಟಿಗೆ ಓದಿ ಮಾತಾಡೋಣ ಎನ್ನುತ್ತಾನೆ. ‘ಸುಧಾ’, ‘ತರಂಗ’ಗಳಲ್ಲಿ ಧಾರಾವಾಹಿಯ ಕೊನೆಗೆ ‘ಸಶೇಷ’ ಎಂದು ಕಂಡು ಹಲ್ಲು ಕಡಿದು ಬೆಳೆದ ನನಗೆ ಈ ಮಾತು ಹಿಡಿಸುವುದಿಲ್ಲ. ಪುಸ್ತಕವಾದ ಮೇಲೆ ಓದುವವರಿಗೆ ಮುಂದಿನ ಪುಟ ಅಲ್ಲೇ ಇರುತ್ತದೆ. ವಾರದ ಓದುಗನಿಗೆ ಕಂತಿನ ಆರನೇ ಪುಟದ ಕೊನೆಯ ಚೌಕಟ್ಟು ಏಳು ದಿನದ ಸಂಗಾತಿ. ಹಳೆಯದನ್ನು ನೆನಪಿಸಬೇಕು, ಕಥೆ ಒಂದು ಹೆಜ್ಜೆ ನಡೆಯಬೇಕು, ಕೊಕ್ಕೆ ಹಾಕಿ ನಿಲ್ಲಿಸಬೇಕು, ಇಷ್ಟೂ ಐದಾರು ಪುಟಗಳಲ್ಲಿ. ಆ ಕಸುಬಿನ ಬಗ್ಗೆ ಆ ವಾರವೇ ಮಾತಾಡಬೇಕು. ಕಥೆ ಮುಗಿದಾಗ ಮಾತ್ರ ಹುಡುಗನ ದಾರಿಗೆ ಬರುತ್ತೇವೆ. ಹಿಂದಿನ ವಾರಗಳ ನೋಟ್‌ಬುಕ್ ತೆಗೆದು ಯಾರ ಯಾವ ಮಾತು ನಿಂತಿತು, ಯಾವುದು ಉದುರಿತು ಎಂದು ಓದುತ್ತೇವೆ. ಎಳೆಯುತ್ತಿದ್ದಾರೆ ಎಂದು ಬೈದ ಕಂತೇ ಕೊನೆಯಲ್ಲಿ ಕಥೆಯ ಬೆನ್ನೆಲುಬಾಗಿ ನಿಂತದ್ದಿದೆ. ಆದರೂ ಆ ವಾರ ಬೈದದ್ದನ್ನು ಅಳಿಸುವುದಿಲ್ಲ. ಆ ವಾರ ಬೇಸರವಾದದ್ದು ನಿಜವಲ್ಲವೇ?

ಪಾತ್ರ ಸತ್ತ ವಾರಗಳಲ್ಲಿ ಯಾವ ನಿಯಮವೂ ನಡೆಯುವುದಿಲ್ಲ. ‘ಸ್ಟ್ರಾಂಷಿಯಂ ಡಾಗ್’ ಎಂಬ ಕಥೆಯ ನಾಯಕ ಜಾನಿ ಆಲ್ಫಾನನ್ನು 1990ರಲ್ಲಿ ಸಾಯಿಸಿದರು. ಅವನನ್ನು ಮೊದಲು ಚಿತ್ರಿಸಿದ ಎಜ್‌ಕೆರಾ ಆ ಸಾವನ್ನು ಚಿತ್ರಿಸಲು ಒಪ್ಪಲಿಲ್ಲ, ಬೇರೆಯವರು ಚಿತ್ರಿಸಿದರು. 2010ರಲ್ಲಿ ವ್ಯಾಗ್ನರ್ ಜೊತೆ ಸೇರಿ ಅದೇ ಎಜ್‌ಕೆರಾ ಅವನನ್ನು ವಾಪಸು ಕರೆತಂದರು. ನಾನು ಓದಿದ ಪ್ರತಿಕ್ರಿಯೆಗಳಲ್ಲಿ ಕಲಾವಿದ ಕುಂಚ ಕೆಳಗಿಟ್ಟದ್ದಕ್ಕಿಂತ ಖಡಕ್ಕಾದುದನ್ನು ಕಂಡಿಲ್ಲ.

ಹೊಸಬರು ಬಂದರೆ ಧಾರಾವಾಹಿಯ ನಡುವೆ ದಬ್ಬುವುದಿಲ್ಲ. ‘ಫ್ಯೂಚರ್ ಶಾಕ್’ ಎಂಬ ಬಿಡಿ ಕಥೆಗಳಿವೆ. ನಾಲ್ಕೈದು ಪುಟ, ಕೊನೆಯಲ್ಲೊಂದು ತಿರುವು, ಅಲ್ಲಿಗೆ ಮುಗಿಯಿತು. ಅದರಿಂದ ಶುರು. ವರ್ಷದಲ್ಲಿ ಕೆಲವು ಸಂಚಿಕೆಗಳಲ್ಲಿ ಎಲ್ಲ ಕಥೆಗಳೂ ಮೊದಲ ಕಂತಿನಿಂದ ಆರಂಭವಾಗುತ್ತವೆ, ಅದೂ ಒಳ್ಳೆಯ ಹೊಸಿಲು. ಮಕ್ಕಳಿಗೂ ಆಗುವಂತೆ ‘ರೀಜೆನ್ಡ್’ ಎಂಬ ಸಂಚಿಕೆಗಳನ್ನು ಕೆಲವು ವರ್ಷ ತಂದರು. ನಮ್ಮ ಹಿರಿಯರಿಬ್ಬರು ಮೂಗು ಮುರಿದರು, ಹುಡುಗಿ ಎರಡೆರಡು ಸಲ ಓದಿದಳು. ಎರಡನ್ನೂ ಬರೆದುಕೊಂಡೆ.

ಇನ್ನು ಉಪಗ್ರಹದ ಹಿರಿಯರು. ಹಾಸನದಲ್ಲಿ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರ ಶುರುವಾದದ್ದೂ 1982ರಲ್ಲಿ, ಡ್ರೆಡ್ ಗುಂಡಿ ಒತ್ತಿದ ವರ್ಷವೇ. ಆ ಊರಿನ ಓದುಗರಿಗೆ ಬಾಹ್ಯಾಕಾಶದ ಪುಟ ತೋರಿಸಿ ಸುಲಭವಾಗಿ ತಪ್ಪಿಸಿಕೊಳ್ಳಲಾಗದು. ಗಾಳಿಯಿಲ್ಲದ ಕಡೆ ‘ಢಮಾರ್’ ಎಂದು ಬರೆದದ್ದನ್ನು ಅವರು ಹೇಗೋ ಕ್ಷಮಿಸುತ್ತಾರೆ, ಅದು ಓದುಗರ ಕಿವಿಗೆ ಎಂದು. ಕ್ಷಮಿಸದಿರುವುದು ಸಂಭಾಷಣೆಯನ್ನು. ಭೂಸ್ಥಿರ ಉಪಗ್ರಹ ಇರುವುದು 35,786 ಕಿಲೋಮೀಟರ್ ಎತ್ತರದಲ್ಲಿ. ಅದರ ಮೂಲಕ ಮಾತು ಹೋಗಿ ಇಳಿಯಲು ಸುಮಾರು ಕಾಲು ಸೆಕೆಂಡು ಬೇಕು. ಪ್ರಶ್ನೆಗೆ ಉತ್ತರ ಬರಲು ಅರ್ಧ. ಇಷ್ಟು ಹತ್ತಿರದಲ್ಲೇ ಹೀಗಾದರೆ ಬೇರೆ ಗ್ರಹದವನ ಜೊತೆ ಒಂದೇ ಚೌಕಟ್ಟಿನಲ್ಲಿ ಪಟಪಟನೆ ಜಗಳ ಆಡುವುದು ಹೇಗೆ ಎಂದು ಪ್ರತಿ ಸಂಚಿಕೆಗೂ ಕೇಳುತ್ತಾರೆ. ನಗುತ್ತಿದ್ದ ನಾವು ಈಗ ನಗುವುದಿಲ್ಲ. ಉತ್ತರ ತಡವಾಗುತ್ತದೆ ಎಂಬುದನ್ನು ಕಥೆಯೊಳಗೇ ಬಳಸಿಕೊಂಡ ಕಂತು ಸಿಕ್ಕಾಗ ಅವರಿಗಾಗುವ ಸಂತೋಷ ಬೇರೆ ಯಾರಿಗೂ ಆಗದು.

ತಿಂಗಳಿಗೊಮ್ಮೆ ಥಾರ್ಗನಿಗೆ ಪತ್ರ ಹೋಗುತ್ತದೆ. ಬರೆಯುವ ಸರದಿ ಯಾರದಾದರೂ ಸರಿ, ಒಂದೇ ಕಥೆಯ ಬಗ್ಗೆ ಬರೆಯಬೇಕು, ಚಿಕ್ಕದಾಗಿರಬೇಕು. ಪುಟದ ಸಂಖ್ಯೆ ಇರಲೇಬೇಕು. ಕೂಟದಲ್ಲಿ ಎರಡು ಅಭಿಪ್ರಾಯವಿದ್ದರೆ ಎರಡೂ ಇರಬೇಕು. ‘ನಮ್ಮ ಹಾಸನದಲ್ಲಿಯೂ ಓದುತ್ತಾರೆ’ ಎಂಬ ಅಚ್ಚರಿಯ ಸಾಲನ್ನು ಮೊದಲೇ ಹೊಡೆದುಹಾಕುತ್ತೇನೆ. ಅದು ಸಂಚಿಕೆಯ ಬಗ್ಗೆ ಏನನ್ನೂ ಹೇಳುವುದಿಲ್ಲ.

ಕಾಲು ಸೆಕೆಂಡಿನ ಪತ್ರ ಮಾತ್ರ ಇನ್ನೂ ಹೊರಟಿಲ್ಲ. ಪ್ರಶ್ನೆಗೂ ಉತ್ತರಕ್ಕೂ ನಡುವೆ ಮಾತಿಲ್ಲದ ಒಂದು ಚೌಕಟ್ಟು ಬಿಡಬೇಕೆಂದು ಹಿರಿಯರು ಕರಡಿನಲ್ಲಿ ಸಲಹೆ ಕೊಟ್ಟಿದ್ದಾರೆ. ಇರುವುದೇ ಆರು ಪುಟ, ಖಾಲಿ ಚೌಕಟ್ಟು ದುಬಾರಿ ಎಂದು ಬ್ಯಾಂಕಿನ ಅಕ್ಕ ಅದರ ಪಕ್ಕದಲ್ಲೇ ಟಿಪ್ಪಣಿ ಬರೆದಿದ್ದಾರೆ. ಎರಡೂ ಅಭಿಪ್ರಾಯ ಹಾಕಿ ಕಳಿಸಿ ಎಂದರೆ ಇಬ್ಬರೂ ಒಪ್ಪುತ್ತಿಲ್ಲ.