ತಲೆ ತಿಳಿಯಾಗಿರುವಾಗಲೇ ಬರೆದಿಡಿ, ಒಂದು ಹಾಳೆ

ಆರಿದ್ರಾ ಮಳೆ ಹಿಡಿಯುವ ಮೊದಲೇ ಮಲೆನಾಡಿನ ಮನೆಗಳಲ್ಲಿ ಕಟ್ಟಿಗೆ ಒಟ್ಟಿ ಆಗಿರುತ್ತದೆ. ಮಳೆ ಶುರುವಾದ ಮೇಲೆ ಒಣ ಕಟ್ಟಿಗೆ ಹುಡುಕಿದರೆ ಎಲ್ಲಿ ಸಿಗಬೇಕು? ‘ಸೇಫ್ಟಿ ಪ್ಲ್ಯಾನ್’ ಅನ್ನುವ ಹಾಳೆಯದೂ ಇದೇ ಲೆಕ್ಕ. ಬದುಕು ಸಾಕು ಅನ್ನುವ ಯೋಚನೆ ಆಗಾಗ ಬಂದುಹೋಗುವವರು ಮನಸ್ಸು ನೆಟ್ಟಗಿರುವ ದಿನ ಬರೆದಿಟ್ಟುಕೊಳ್ಳುವ ಪುಟ ಇದು.

ಇದನ್ನು ರೂಪಿಸಿದವರು ಅಮೆರಿಕದ ಇಬ್ಬರು ಮನಶ್ಶಾಸ್ತ್ರಜ್ಞರು, ಬಾರ್ಬರಾ ಸ್ಟ್ಯಾನ್ಲಿ ಮತ್ತು ಗ್ರೆಗರಿ ಬ್ರೌನ್. ಅಲ್ಲಿನ ಮಾಜಿ ಸೈನಿಕರ ಆಸ್ಪತ್ರೆಗಳ ತುರ್ತು ವಿಭಾಗಕ್ಕೆ ಬಂದ 1,640 ಜನರ ಅಧ್ಯಯನವನ್ನು ಇವರ ತಂಡ 2018ರಲ್ಲಿ ಪ್ರಕಟಿಸಿತು. ಕೆಲವರಿಗೆ ಈ ಹಾಳೆ ಬರೆಸಿ, ಮನೆಗೆ ಹೋದ ಮೇಲೆ ಫೋನ್ ಮಾಡಿ ವಿಚಾರಿಸುತ್ತಿದ್ದರು. ಮುಂದಿನ 6 ತಿಂಗಳಲ್ಲಿ ಅವರು ಆತ್ಮಹತ್ಯೆಯತ್ತ ಹೆಜ್ಜೆ ಇಟ್ಟಿದ್ದು ಉಳಿದವರಿಗಿಂತ ಸುಮಾರು 45% ಕಡಿಮೆ. ಸಾಯಬೇಕು ಅನ್ನುವ ತೀವ್ರತೆ ಏರುತ್ತದೆ, ಮತ್ತೆ ಇಳಿಯುತ್ತದೆ. ಏರಿದ ಹೊತ್ತಲ್ಲಿ ತಲೆ ಓಡುವುದಿಲ್ಲ. ಆಗ ಹಾಳೆ ನೋಡಿಕೊಂಡು ಒಂದೊಂದೇ ಮಾಡುತ್ತಾ ಹೋದರೆ ಆಯಿತು.

ಬರೆಯುವಾಗ ಆಪ್ತಸಮಾಲೋಚಕರೋ ಡಾಕ್ಟರೋ ಜೊತೆಗಿದ್ದರೆ ಒಳ್ಳೆಯದು. ಮನೆಯವರು ಮಾತು ತೆಗೆಯುವುದಾದರೆ ನೇರವಾಗಿ ಕೇಳಿ: “ಅಪ್ಪಯ್ಯ, ಸಾಯ್ಬೇಕು ಅಂತೆಲ್ಲ ಅನ್ನಿಸ್ತಿದೆಯಾ?” ಕೇಳಿದರೆ ಇಲ್ಲದ ಯೋಚನೆ ತಲೆಗೆ ಹೊಕ್ಕುತ್ತದೆ ಎಂಬ ಹೆದರಿಕೆ ಬೇಡ, ಸಂಶೋಧನೆಗಳಲ್ಲಿ ಹಾಗೆ ಕಂಡಿಲ್ಲ. ಆದರೆ “ನನ್ನ ಮೇಲೆ ಆಣೆ ಮಾಡು” ಎಂದು ಮಾತ್ರ ಹಿಡಿಯಬೇಡಿ. ಆಣೆ ಹಾಕಿಸಿಕೊಂಡವರು ಮುಂದಿನ ಸಲ ಬಾಯಿ ಬಿಡುವುದೇ ಇಲ್ಲ ಅನ್ನುವುದು ನನ್ನ ಅನಿಸಿಕೆ.

ಹಾಳೆಯಲ್ಲಿ ಆರು ಸಾಲು. ಮೊದಲ ಸಾಲಿಗೆ ಮುನ್ಸೂಚನೆ, ಅಂದರೆ ಆ ಯೋಚನೆ ಏರತೊಡಗುವ ಗುರುತು. ‘ಬೇಸರವಾದಾಗ’ ಎಂದು ಬರೆದರೆ ಸಾಲದು. ‘ರಾತ್ರಿ ಎರಡಕ್ಕೆ ಎಚ್ಚರಾಗಿ ಸೊಸೈಟಿ ಸಾಲದ ಲೆಕ್ಕ ಶುರುವಾದಾಗ’ ಎಂದು ಬರೆಯಿರಿ. ಹಾಳೆ ಯಾರದೋ ಅವರದೇ ಮಾತು ಇರಲಿ, ತಿದ್ದಬೇಡಿ.

ಎರಡನೆಯದು, ಯಾರ ಹಂಗೂ ಇಲ್ಲದೆ ಒಬ್ಬರೇ ಮಾಡಬಹುದಾದ್ದು. ಕಷಾಯ ಕಾಯಿಸುವುದು, ಕೊಟ್ಟಿಗೆಗೆ ಹೋಗಿ ದನದ ಮೈ ಸವರುವುದು, ಮೊಬೈಲಿನಲ್ಲಿ ತಾಳಮದ್ದಳೆ ಕೇಳುವುದು. ಮೂರನೆಯದು, ನಾಲ್ಕು ಜನ ಇರುವ ಜಾಗ: ಹಾಲಿನ ಡೈರಿ, ಪೇಟೆಯ ಹೋಟೆಲ್ಲು. ಅಲ್ಲಿ ಕಷ್ಟ ಹೇಳಿಕೊಳ್ಳಬೇಕೆಂದೇನಿಲ್ಲ, ಸುಮ್ನೆ ಕೂತು ಬಂದರೂ ಸಾಕು. ನಾಲ್ಕನೆಯದು, ಕಷ್ಟ ಹೇಳಿಕೊಳ್ಳಬಹುದಾದ ಇಬ್ಬರು ಮೂವರ ಹೆಸರು. ಬರೆಯುವ ಮೊದಲು ಅವರಿಗೊಂದು ಮಾತು ತಿಳಿಸಿ.

ಐದನೆಯದು ಡಾಕ್ಟರು, ಸಹಾಯವಾಣಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ಮನೋವೈದ್ಯರಿದ್ದಾರೆ. ಆದರೆ ನಮ್ಮ ಕಡೆ ಗಾಳಿಮಳೆಗೆ ಕರೆಂಟ್ ಹೋದರೆ ಟವರೂ ಹೋಗುತ್ತದೆ, ಅಲ್ವಾ? ಹಾಗಾಗಿ ನಂಬರಿನ ಪಕ್ಕದಲ್ಲೇ ಸಿಗ್ನಲ್ ಸಿಗುವ ಜಾಗವನ್ನೂ ಬರೆಯಿರಿ. ಅದೂ ಸಿಗದಿದ್ದರೆ ಯಾರ ಮನೆ ಬಾಗಿಲು ತಟ್ಟುವುದು, ಯಾರ ಜೀಪು ಸಿಗುತ್ತದೆ, ಅದನ್ನೂ. ಪೊಲೀಸ್ ಕೇಸಾಗುತ್ತದೆ ಎಂದು ಆಸ್ಪತ್ರೆಗೆ ಹೋಗಲು ಅಂಜುವವರು ಜಾಸ್ತಿ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 115ನೇ ಕಲಂ ಪ್ರಕಾರ, ಆತ್ಮಹತ್ಯೆಗೆ ಪ್ರಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಎಂದೇ ಭಾವಿಸಬೇಕು, ಶಿಕ್ಷೆ ಕೊಡುವಂತಿಲ್ಲ.

ಆರನೆಯದು ಮನೆಯನ್ನೇ ಸುರಕ್ಷಿತ ಮಾಡುವುದು. ಇದನ್ನು ಮನೆಯವರೇ ಮಾಡಬೇಕು. ತೋಟಕ್ಕೆ, ಗದ್ದೆಗೆ ಹೊಡೆದು ಉಳಿದ ಔಷಧಿ ಅಟ್ಟದಲ್ಲೋ ಪಂಪ್‌ಹೌಸಿನಲ್ಲೋ ಬಿದ್ದಿರುತ್ತದೆ. ಅದು ಮನೆಯಲ್ಲಿ ಇರಲೇಬಾರದು. ನೆಂಟರಲ್ಲೋ ಪಕ್ಕದ ಮನೆಯಲ್ಲೋ ಬೀಗದೊಳಗೆ ಇರಲಿ. ಬೇಕಾದಾಗ ಬೇಕಾದಷ್ಟೇ ತನ್ನಿ. ಮಾತ್ರೆಗಳನ್ನು ಇನ್ನೊಬ್ಬರು ಇಟ್ಟುಕೊಂಡು ದಿನದ್ದನ್ನು ದಿನ ಕೊಡಲಿ. “ಮಾಡ್ಕೊಳ್ಳೋರು ಹೇಗಾದ್ರೂ ಮಾಡ್ಕೊಳ್ತಾರೆ ಬಿಡಿ” ಎನ್ನುವವರಿಗೆ ಶ್ರೀಲಂಕಾ ತೋರಿಸಿ. ಹೆಚ್ಚು ಅಪಾಯದ ಕೀಟನಾಶಕಗಳನ್ನು ಒಂದೊಂದಾಗಿ ನಿಷೇಧಿಸಿದ ಆ ದೇಶದಲ್ಲಿ 1995ರಿಂದ 2015ರ ಹೊತ್ತಿಗೆ ಆತ್ಮಹತ್ಯೆ ಪ್ರಮಾಣ ಸುಮಾರು 70% ಇಳಿಯಿತು. ಕೈಗೆ ಸಿಗದೆ ಹೋದ ಆ ಸ್ವಲ್ಪ ಹೊತ್ತಿನಲ್ಲೇ ಎಷ್ಟೋ ಜನರ ಮನಸ್ಸು ಇಳಿಯುತ್ತದೆ.

ಈಗಲೇ ಅಪಾಯ ಅನ್ನಿಸಿದರೆ ಹಾಳೆ ಬರೆಯುತ್ತಾ ಕೂರಬೇಡಿ. ಒಬ್ಬರನ್ನೇ ಬಿಡಬೇಡಿ, 108ಕ್ಕೆ ಕರೆ ಮಾಡಿ ಅಥವಾ ಸಿಕ್ಕ ಗಾಡಿಯಲ್ಲಿ ಆಸ್ಪತ್ರೆಗೆ ಹೊರಡಿ. ಈ ಹಾಳೆ ಚಿಕಿತ್ಸೆಯ ಬದಲಿಗಲ್ಲ, ಗುಳಿಗೆ, ಸಮಾಲೋಚನೆ ಅದರ ಪಾಡಿಗೆ ನಡೆಯಬೇಕು.

ಮುಗಿದ ಮೇಲೆ ಒಂದು ಪ್ರತಿ ಅವರ ಬಳಿ, ಇನ್ನೊಂದು ನಾಲ್ಕನೇ ಸಾಲಿನಲ್ಲಿ ಹೆಸರಿರುವವರ ಬಳಿ. ಮೊಬೈಲಿನಲ್ಲೂ ಫೋಟೊ ಇರಲಿ, ಚಾರ್ಜ್ ಇಲ್ಲದ ದಿನಕ್ಕೆ ಕಾಗದವೇ ಗತಿ. ಅದನ್ನೊಂದು ಪ್ಲಾಸ್ಟಿಕ್ ಕವರಿಗೆ ಹಾಕಿಡಿ, ಇಲ್ಲದಿದ್ದರೆ ಆಷಾಢದೊಳಗೆ ಬೂಸ್ಟು ಹಿಡಿಯುತ್ತದೆ.